ಕಣ್ಣು ಮುಚ್ಚಿ ಓದುವ ಶಾಲು

ಒಂದು ಕೊಕ್ಕೆ ಕಡ್ಡಿ, ಒಂದು ನೂಲಿನ ಉಂಡೆ. ಕ್ರೋಶಾ ಕೆಲಸಕ್ಕೆ ಬೇಕಾದದ್ದು ಇಷ್ಟೇ. ಫ್ರೆಂಚ್ ಭಾಷೆಯಲ್ಲಿ 'ಕ್ರೋಶೆ' ಎಂದರೆ ಪುಟ್ಟ ಕೊಕ್ಕೆ ಎಂದೇ ಅರ್ಥ. ನಮ್ಮ ಮನೆಗಳಲ್ಲಿ ಬಾಗಿಲ ತೋರಣ, ಟೀವಿಯ ಮೇಲಿನ ಹೊದಿಕೆ, ಕೂಸಿನ ಕುಲಾವಿ ಎಲ್ಲವನ್ನೂ ಈ ಕೊಕ್ಕೆಯಿಂದ ಹೆಣೆದವರಿದ್ದಾರೆ. ಮಕ್ಕಳೇ, ಅಜ್ಜಿಯ ಟ್ರಂಕಿನ ತಳ ತಡಕಿ ನೋಡಿ, ಒಂದಾದರೂ ಸಿಕ್ಕೀತು.

ನಾನು ಹೇಳಹೊರಟಿರುವುದು ಒಂದು ಶಾಲಿನ ವಿಷಯ. ಅದನ್ನು ಹೆಣೆಯುವ ಮೊದಲು ನಾನೂ ನನ್ನ ಮೊಮ್ಮಗಳೂ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ 4 ದಿನ ಸುತ್ತಿದೆವು. ನೋಡಿದ ಒಂದೊಂದು ಜಾಗವೂ ಶಾಲಿನಲ್ಲಿ ಒಂದೊಂದು ಪಟ್ಟಿಯಾಯಿತು. ಆದರೆ ಅದು ಕಣ್ಣಿನಿಂದ ನೋಡುವ ಶಾಲಲ್ಲ, ಬೆರಳಿನಿಂದ ಓದುವ ಶಾಲು.

ಅದು ನನ್ನ ಅಕ್ಕನಿಗಾಗಿ.

ಅಕ್ಕನ ಕಡ್ಡಿ

ನನಗೆ ಕ್ರೋಶಾ ಕಲಿಸಿದವಳು ಅಕ್ಕನೇ. ನನಗಾಗ 9 ವರ್ಷ, ಅವಳಿಗೆ 17. ಶಿರಾಳಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ಕೂತು ನನ್ನ ಬೆರಳನ್ನು ತನ್ನ ಬೆರಳಿನಿಂದಲೇ ತಿದ್ದುತ್ತಿದ್ದಳು. ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೂ ಅವಳ ಕೈಯಿಂದ ಕಡ್ಡಿ ಇಳಿದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅವಳಿಗೆ ಗ್ಲುಕೋಮಾ ಇರುವುದು ತಿಳಿಯಿತು. ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರ ಮೆಲ್ಲಮೆಲ್ಲಗೆ ಸವೆಯುವ ಕಾಯಿಲೆ ಅದು. ಸಾಮಾನ್ಯವಾಗಿ ನೋವಿರುವುದಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ, ಆದ್ದರಿಂದ ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೇ. ಅಕ್ಕನಿಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಈಗ ಅವಳಿಗೆ ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತದೆ.

ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದಿದ್ದರೆ ಇನ್ನೊಬ್ಬರಿಗೂ ಬರುವ ಸಂಭವ ಹೆಚ್ಚು. ಹಾಗಾಗಿ ನಾನೂ ಪರೀಕ್ಷೆ ಮಾಡಿಸಿಕೊಂಡೆ. ನನಗೂ ಇದೆ, ಆದರೆ ಆರಂಭದ ಹಂತ. ದಿನಾ ರಾತ್ರಿ ತಪ್ಪದೆ ಒಂದೊಂದು ಹನಿ ಔಷಧಿ ಬಿಟ್ಟುಕೊಳ್ಳುತ್ತೇನೆ. ಓದುತ್ತಿರುವ ಅಜ್ಜ ಅಜ್ಜಿಯರೇ, ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದರೂ ಒಮ್ಮೆ ಕಣ್ಣಿನ ಒತ್ತಡ ನೋಡಿಸಿಕೊಳ್ಳಿ.

ದೃಷ್ಟಿ ಹೋದ ಮೇಲೆ ಅಕ್ಕ ತನ್ನ ಕಡ್ಡಿಗಳನ್ನೆಲ್ಲ ಹಂಚಿಬಿಟ್ಟಳು. ಫೋನಿನಲ್ಲಿ ಮಾತಾಡುವಾಗ ಮಾತ್ರ ಒಂದು ಮಾತು ಪದೇ ಪದೇ ಬರುತ್ತಿತ್ತು: "ನಮ್ಮ ಕಡೆ ಒಂದ್ಸಲ ಸುತ್ತಿ ಬರಬೇಕಿತ್ತು ಕಣೇ. ಈಗ ಬಂದ್ರೂ ಏನ್ ನೋಡ್ಲಿ?"

ಆ ಪ್ರಶ್ನೆಗೆ ಉತ್ತರವಾಗಿ ಈ ಶಾಲು ಹುಟ್ಟಿತು. ನೂಲು ತರುವ ಮೊದಲು ಅವಳನ್ನೇ ಕೇಳಿದೆ, ಯಾವ ಬಣ್ಣ ತರಲಿ ಎಂದು. ಕಾಣದವರಿಗೆ ಬಣ್ಣ ಯಾಕೆ ಎಂದು ನೀವು ಕೇಳಬಹುದು. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. "ಬಿಳಿ ಗಿಳಿ ಬೇಡ ಮಾರಾಯ್ತಿ. ಕೆಂಡಸಂಪಿಗೆ ಬಣ್ಣ ತಗೋ" ಅಂದಳು.

ಕೆಳಗಿನಿಂದ ಮೇಲಕ್ಕೆ

ದಸರಾ ರಜೆಗೆ ಮೊಮ್ಮಗಳು ಶಿಕಾರಿಪುರಕ್ಕೆ ಬಂದಿದ್ದಳು. 6ನೇ ತರಗತಿ, ಬಾಯಿ ತುಂಬ ಪ್ರಶ್ನೆ. ಇಬ್ಬರೂ ಒಂದು ನೋಟ್ ಪುಸ್ತಕ ಹಿಡಿದು ಹೊರಟೆವು.

ಮೊದಲು ತಾಳಗುಂದ. ಪ್ರಣವೇಶ್ವರ ದೇವಾಲಯದ ಎದುರಿಗೆ ಒಂದು ಕಲ್ಲಿನ ಕಂಬವಿದೆ. ಕದಂಬರ ಕಾಲದ್ದು, ವಯಸ್ಸು 1500 ವರ್ಷಕ್ಕೂ ಮೇಲೆ. ಮಯೂರಶರ್ಮ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಆಮೇಲೆ ಅವನು ರಾಜ್ಯ ಕಟ್ಟಿದ್ದು, ಎಲ್ಲವೂ ಈ ಕಂಬದ ಮೇಲೆ ಸಂಸ್ಕೃತ ಪದ್ಯಗಳಲ್ಲಿದೆ. ಬರೆದ ಕವಿಯ ಹೆಸರು ಕುಬ್ಜ. ಕಂಬಕ್ಕೆ 8 ಮುಖ. ಸಾಲುಗಳು ನಮ್ಮ ಪುಸ್ತಕದಂತೆ ಅಡ್ಡಡ್ಡ ಇಲ್ಲ, ಉದ್ದುದ್ದ ಇವೆ, ಬುಡದಿಂದ ತಲೆಯ ಕಡೆಗೆ ಏರುತ್ತವೆ.

"ಅಜ್ಜಿ, ನಿನ್ನ ಕ್ರೋಶಾ ಕೂಡ ಕೆಳಗಿನಿಂದ ಮೇಲಕ್ಕೇ ಬೆಳೆಯುತ್ತಲ್ಲ?" ಎಂದಳು ಮೊಮ್ಮಗಳು. ಹೌದಲ್ಲ ಎನಿಸಿತು. ಶಾಲಿನ ಮೊದಲ ಪಟ್ಟಿ ಇಲ್ಲಿಯೇ ನಿಶ್ಚಯವಾಯಿತು: ಕೆಳಗಿನಿಂದ ಮೇಲಕ್ಕೆ ಏರುವ 8 ಉಬ್ಬು ಗೆರೆಗಳು.

ಕ್ರೋಶಾದಲ್ಲಿ ಎರಡು ಮುಖ್ಯ ಹೆಣಿಗೆಗಳಿವೆ. ಕುಣಿಕೆಯೊಳಗೆ ಕುಣಿಕೆ ಎಳೆಯುತ್ತ ಹೋದರೆ ಚೈನ್. ಕಡ್ಡಿಗೆ ನೂಲನ್ನು ಒಂದು ಸುತ್ತು ಸುತ್ತಿ ಎದ್ದು ನಿಲ್ಲುವಂತೆ ಹೆಣೆದರೆ ಅದನ್ನು ನಮ್ಮ ಮನೆಯಲ್ಲಿ 'ಕಂಬ' ಅನ್ನುತ್ತೇವೆ. ಕಂಬದ ತಲೆಗೆ ಕೊಕ್ಕೆ ಹಾಕುವ ಬದಲು, ಕೆಳಗಿನ ಸಾಲಿನ ಕಂಬದ ನಡುವನ್ನೇ ಮುಂದಿನಿಂದ ಬಳಸಿ ಹೆಣೆದರೆ ಅದು ಉಬ್ಬಿ ನಿಲ್ಲುತ್ತದೆ. ಶಾಲು ತಿರುಗಿಸಿ ಹಿಂಬದಿಯ ಸಾಲು ಹಾಕುವಾಗ ಹಿಂದಿನಿಂದ ಬಳಸಬೇಕು. ಆಗ ಉಬ್ಬು ಒಂದೇ ಕಡೆಗೆ ಉಳಿಯುತ್ತದೆ.

ಕಲ್ಲಿನ ಜಾಲರಿ, ಕಡೆದ ಕಂಬ

ತಾಳಗುಂದಕ್ಕೆ ತೀರಾ ಹತ್ತಿರ ಬಳ್ಳಿಗಾವಿ. ಚಾಲುಕ್ಯರ ಕಾಲದಲ್ಲಿ ಇದು ದೊಡ್ಡ ಪಟ್ಟಣ. ಸುಮಾರು 1070ರಲ್ಲಿ ಕಟ್ಟಿದ ತ್ರಿಪುರಾಂತಕೇಶ್ವರ ದೇವಾಲಯದ ಒಳಗೆ ಬಾಗಿಲಿನ ಪಕ್ಕ ಕಲ್ಲಿನ ಜಾಲಂಧ್ರಗಳಿವೆ. ಕಲ್ಲನ್ನು ಕೊರೆದು ತೂತು ಮಾಡಿ ಗಾಳಿ ಬೆಳಕು ದಾಟುವಂತೆ ಮಾಡಿದ ತೆರೆಗಳು. ನೂಲಿನ ಜಾಲರಿಯಲ್ಲೂ ಇದೇ ಗುಟ್ಟು. ನೂಲು ಎಲ್ಲಿದೆ ಎಂಬುದು ಎಷ್ಟು ಮುಖ್ಯವೋ ಎಲ್ಲಿ ಇಲ್ಲ ಎಂಬುದೂ ಅಷ್ಟೇ ಮುಖ್ಯ. ಎರಡನೇ ಪಟ್ಟಿ ಬಲೆಯಂತೆ: 1 ಕಂಬ, 2 ಚೈನ್, ಮತ್ತೆ 1 ಕಂಬ, 2 ಚೈನ್.

ಊರಿನಲ್ಲಿ ಇನ್ನೊಂದು ಎತ್ತರದ ಕಂಬವಿದೆ. 1047ರಲ್ಲಿ ಚಾವುಂಡರಾಯ ನಿಲ್ಲಿಸಿದ್ದು. ಅದರ ಮೇಲೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ ಇರುವ ಗಂಡಭೇರುಂಡ. ನಮ್ಮ ರಾಜ್ಯದ ಲಾಂಛನದಲ್ಲಿರುವುದೂ ಗಂಡಭೇರುಂಡವೇ. "ಇದು ಬೇಕೇ ಬೇಕು" ಎಂದು ಮೊಮ್ಮಗಳು ಹಟ ಹಿಡಿದಳು. ನೋಡೋಣ ಅಂದೆ.

ಮೂರನೇ ಜಾಗ ಸೊರಬ ತಾಲ್ಲೂಕಿನ ಆನವಟ್ಟಿಯ ಪಕ್ಕದ ಕುಬಟೂರು. ಇಲ್ಲಿನ ಕೈಟಭೇಶ್ವರ ದೇವಾಲಯ ಸುಮಾರು 1100ರದ್ದು. ತೆರೆದ ಮಂಟಪದ ತುಂಬ ಕಡೆದ ಕಂಬಗಳು, ಗಂಟೆ ಬೋರಲು ಹಾಕಿದಂತಹ ಗುಂಡನೆಯ ಮೈ, ಎಣ್ಣೆ ಸವರಿದ ಹಾಗೆ ನುಣುಪು. ಅದಕ್ಕಾಗಿ 'ಪಾಪ್‌ಕಾರ್ನ್' ಹೆಣಿಗೆ ಆರಿಸಿದೆ. ಒಂದೇ ತೂತಿನಲ್ಲಿ 5 ಕಂಬ ಹಾಕಿ, ಮೊದಲನೆಯದನ್ನೂ ಕೊನೆಯದನ್ನೂ ಸೇರಿಸಿ ಎಳೆದರೆ ಗುಂಡಗೆ ಉಬ್ಬಿದ ಗುಬುಟು ಏಳುತ್ತದೆ.

ಬೆಂಡಿನ ಹೂವು, ಹಕ್ಕಿಯ ರೆಕ್ಕೆ

ಸೊರಬ, ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ ಲೋಕಪ್ರಸಿದ್ಧ. ಅವರ ಇನ್ನೊಂದು ಕುಶಲತೆ ಬೆಂಡಿನ ಕೆಲಸ. ಕೆರೆಯ ಜೌಗಿನಲ್ಲಿ ಬೆಳೆಯುವ ಬೆಂಡಿನ ಗಿಡದ ದಂಟನ್ನು ಕಾಗದದಷ್ಟು ತೆಳುವಾಗಿ ಸುಲಿದು ಹೂವು, ಹಾರ, ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುತ್ತಾರೆ. ಸೊರಬದಲ್ಲಿ ಹಿರಿಯ ಕುಶಲಕರ್ಮಿಯೊಬ್ಬರು ಮೊಮ್ಮಗಳ ಅಂಗೈಯಲ್ಲಿ ಒಂದು ಬೆಂಡಿನ ಹೂವಿಟ್ಟರು. "ಅಜ್ಜಿ, ಭಾರವೇ ಇಲ್ಲ!" ಎಂದು ಅವಳು ಕೈ ಮೇಲೆ ಕೆಳಗೆ ಮಾಡಿ ನೋಡಿದಳು.

ನಾಲ್ಕನೇ ಪಟ್ಟಿಗೆ ಹೂವುಗಳನ್ನು ಬಿಡಿಬಿಡಿಯಾಗಿ ಹೆಣೆದು ಆಮೇಲೆ ಜೋಡಿಸಿದೆ. ಇದು ಐರ್ಲೆಂಡ್ ದೇಶದ ಹೆಂಗಸರ ಪದ್ಧತಿ. ಅಲ್ಲಿ 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಭಯಂಕರ ಕ್ಷಾಮ ಬಂತು. ಸುಮಾರು 10 ಲಕ್ಷ ಜನ ಸತ್ತರು. ಆಗ ಎಷ್ಟೋ ಮನೆಗಳ ಹೆಂಗಸರು, ಹುಡುಗಿಯರು ಕ್ರೋಶಾ ಹೂವು, ಎಲೆಗಳನ್ನು ಹೆಣೆದು, ಬಲೆಯಿಂದ ಜೋಡಿಸಿ, ಮಾರಿ ಗಂಜಿ ಕಂಡುಕೊಂಡರು. ನಮ್ಮ ಪಕ್ಕದ ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಇಂದಿಗೂ ಸಾವಿರಾರು ಹೆಂಗಸರು ಕ್ರೋಶಾ ಲೇಸಿನಿಂದ ಸಂಪಾದಿಸುತ್ತಾರೆ. ಪುಟ್ಟ ಕೊಕ್ಕೆ ಹಲವು ಮನೆಗಳ ಒಲೆ ಉರಿಸಿದೆ.

ಕೊನೆಯ ದಿನ ಗುಡವಿ ಪಕ್ಷಿಧಾಮ. ಸೊರಬದಿಂದ ಸುಮಾರು 16 ಕಿ.ಮೀ. ಕೆರೆಯ ನೀರಿನಲ್ಲೇ ಮರಗಳು ನಿಂತಿವೆ, ಮರದ ತುಂಬ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ. ಒಂದು ಹಕ್ಕಿ ಗೂಡಿಗೆ ಇಳಿಯುವಾಗ ರೆಕ್ಕೆಯನ್ನು ಬೀಸಣಿಗೆಯಂತೆ ಬಿಚ್ಚಿತು. ಐದನೇ ಪಟ್ಟಿ ಅದೇ: ಒಂದು ತೂತಿನಿಂದ 5 ಕಂಬ ಬಿಚ್ಚಿಕೊಳ್ಳುವ ಬೀಸಣಿಗೆಗಳು.

ಲೆಕ್ಕದ ಪುಸ್ತಕ ತೆರೆದಾಗ

ಐದು ಪಟ್ಟಿಗೂ ಅಗಲ ಒಂದೇ ಇರಬೇಕಲ್ಲ? ತಾಳಗುಂದಕ್ಕೆ 8 ಸಮಭಾಗ ಬೇಕು. ಬಳ್ಳಿಗಾವಿಯ ಬಲೆಗೆ ಒಂದು ಮನೆಗೆ 3 ಹೆಣಿಗೆ. ಕುಬಟೂರಿನ ಗುಬುಟಿಗೂ ಗುಡವಿಯ ಬೀಸಣಿಗೆಗೂ 6 ಹೆಣಿಗೆ. ಸೊರಬದ ಹೂಗಳ ಯೋಚನೆಯಿಲ್ಲ, ಅವನ್ನು ಎಲ್ಲಿ ಬೇಕಾದರೂ ಕೂರಿಸಬಹುದು.

"ಇದು ಲ.ಸಾ.ಅ. ಅಜ್ಜಿ!" ಎಂದು ಮೊಮ್ಮಗಳು ಪೆನ್ಸಿಲ್ ಹಿಡಿದಳು. 8, 3, 6 ಇವುಗಳ ಲಘುತ್ತಮ ಸಾಮಾನ್ಯ ಅಪವರ್ತ್ಯ 24. ಹಾಗಾದರೆ 24ರ ಮಗ್ಗಿಯಲ್ಲಿ ಬರುವ ಯಾವ ಸಂಖ್ಯೆಯಾದರೂ ನಡೆಯುತ್ತದೆ. ನನ್ನ ತೆಳು ಉಣ್ಣೆ ನೂಲಿಗೂ 3 ಮಿ.ಮೀ. ಕಡ್ಡಿಗೂ ಅಂಗುಲಕ್ಕೆ ಸುಮಾರು 6 ಕಂಬ ಬರುತ್ತಿತ್ತು. 20 ಅಂಗುಲ ಅಗಲಕ್ಕೆ 120. 24 ಐದಲಿ 120! ಸಾಲು ಮುಗಿಸಲು ಇನ್ನೊಂದು ಸೇರಿಸಿ 121. ಬಲೆಯಲ್ಲಿ 40 ಮನೆ, ಸಾಲಿಗೆ 20 ಗುಬುಟು, 20 ಬೀಸಣಿಗೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಪಂಚೆಯ ಪಟ್ಟಿ ಕಟ್ಟಿ ಪರೀಕ್ಷೆ

ಶಾಲು ಶುರು ಮಾಡುವ ಮೊದಲು ಪುಟ್ಟ ಪುಟ್ಟ ಮಾದರಿ ತುಂಡುಗಳನ್ನು ಹೆಣೆದೆ. ಗಂಡಭೇರುಂಡವನ್ನೂ ಬಲೆಯ ಮನೆಗಳನ್ನು ತುಂಬಿ, ಖಾಲಿ ಬಿಟ್ಟು ಚೌಕಳಿಯಲ್ಲಿ ಮೂಡಿಸಿದೆ. ಮೊಮ್ಮಗಳು ನೆರೆಮನೆಯ ಮಕ್ಕಳನ್ನು ಕರೆತಂದಳು. ಹಳೆಯ ಪಂಚೆ ಹರಿದು ಎಲ್ಲರ ಕಣ್ಣಿಗೂ ಕಟ್ಟಿದೆವು.

ಆ ಒಂದು ಸಂಜೆ ನಮಗೆ ಮೂರು ಸಂಗತಿ ತಿಳಿಯಿತು.

ಒಂದು, ಕಣ್ಣು ಇಡೀ ಚಿತ್ರವನ್ನು ಒಟ್ಟಿಗೆ ಹಿಡಿಯುತ್ತದೆ, ಬೆರಳು ತುದಿಯಷ್ಟು ಜಾಗವನ್ನು ಮಾತ್ರ. ನಾವು ನೋಡಿದ ಕೂಡಲೇ ಗುರುತಿಸಿದ ಎರಡು ತಲೆಯ ಹಕ್ಕಿ, ಕಣ್ಣು ಕಟ್ಟಿದ ಒಬ್ಬ ಮಗುವಿಗೂ ಸಿಗಲಿಲ್ಲ. "ಏನೋ ತೂತು ತೂತು" ಅಂದರು. ಗಂಡಭೇರುಂಡವನ್ನು ಬಿಟ್ಟೆವು. ಮೊಮ್ಮಗಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಳು.

ಎರಡು, ಬೆರಳಿಗೆ ಬೇಕಾದದ್ದು ಚಿತ್ರವಲ್ಲ, ವ್ಯತ್ಯಾಸ. ನುಣುಪಿನ ಪಕ್ಕ ಉಬ್ಬು, ಉಬ್ಬಿನ ಪಕ್ಕ ತೂತು ಇದ್ದರೆ ತಟ್ಟನೆ ತಿಳಿಯುತ್ತದೆ. ಫ್ರಾನ್ಸಿನ ಲೂಯಿ ಬ್ರೈಲ್ 15ರ ಹರೆಯದಲ್ಲಿ ರೂಪಿಸಿದ ಲಿಪಿಯಲ್ಲಿ ಅಕ್ಷರದ ಚಿತ್ರವಿಲ್ಲ, ಬರೀ 6 ಚುಕ್ಕಿಗಳಿವೆ. ಯಾಕೆಂದು ಈಗ ಅರ್ಥವಾಯಿತು. ಒಂದು ಬೆರಳ ತುದಿಗೆ ಒಟ್ಟಿಗೆ ಸಿಗುವುದು ಅಷ್ಟು ಮಾತ್ರ.

ಮೂರು, ನಡುವೆ ಬಿಡುವು ಬೇಕು. ಪಟ್ಟಿಯಿಂದ ಪಟ್ಟಿಗೆ ಹೋಗುವಾಗ ಸಾದಾ ಕಂಬದ ಸಾಲುಗಳಿಲ್ಲದಿದ್ದರೆ ಎಲ್ಲವೂ ಕಲಸಿಹೋಗುತ್ತದೆ. ಆ ಸಾದಾ ಸಾಲುಗಳನ್ನೇ ನಾವು ದಾರಿ ಎಂದೆವು. ಹತ್ತಿರದ ಊರಿಗೆ ಕಡಿಮೆ ಸಾಲು, ದೂರದ ಊರಿಗೆ ಹೆಚ್ಚು. ತಾಳಗುಂದದಿಂದ ಬಳ್ಳಿಗಾವಿಗೆ ಬೆರಳು ಬೇಗ ತಲುಪುತ್ತದೆ, ಬಳ್ಳಿಗಾವಿಯಿಂದ ಕುಬಟೂರಿಗೆ ಸ್ವಲ್ಪ ನಡೆಯಬೇಕು.

ಎರಡು ನದಿಯ ಅಂಚು

ಶಾಲಿನ ಎರಡು ಉದ್ದದ ಅಂಚಿಗೆ ಅಲೆಯಂತಹ ಕುಣಿಕೆಗಳನ್ನು ಹಾಕಿದೆ. ಒಂದು ಅಂಚು ಶಿಕಾರಿಪುರದ ಕುಮುದ್ವತಿ, ಇನ್ನೊಂದು ಸೊರಬದ ದಂಡಾವತಿ. ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ದಂಡಾವತಿ ಹೋಗಿ ವರದಾ ನದಿಯನ್ನು ಸೇರುತ್ತದೆ, ವರದಾ ತುಂಗಭದ್ರೆಯನ್ನು ಸೇರುತ್ತದೆ. ಕುಮುದ್ವತಿಯೂ ಕೊನೆಗೆ ತುಂಗಭದ್ರೆಗೇ. ಹಾಗಾಗಿ ಶಾಲಿನ ಕೊನೆಯ ಅಡ್ಡ ಅಂಚಿನಲ್ಲಿ ಎರಡೂ ಕೂಡಬೇಕು. ಆ ಅಂಚನ್ನು ಮಾತ್ರ ನಾನು ಬೇಕೆಂದೇ ಹಾಗೆಯೇ ಬಿಟ್ಟೆ, ನೂಲನ್ನೂ ಕತ್ತರಿಸಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಶಾಲು 6 ಅಡಿ ಬೆಳೆದಿತ್ತು. ಸುಮಾರು 300 ಗ್ರಾಂ ಉಣ್ಣೆ ಹಿಡಿಯಿತು. ತಣ್ಣೀರಿನಲ್ಲಿ ನೆನೆಸಿ, ತಿರುಚಿ ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ಅಂಚಿಗೆ ಗುಂಡುಸೂಜಿ ಚುಚ್ಚಿ ಒಣಗಿಸಿದೆ. ಜಾಲರಿ ಬಿಚ್ಚಿಕೊಳ್ಳುವುದು ಹೀಗೆ ಮಾಡಿದರೇ. ಇಸ್ತ್ರಿ ಹಾಕಬಾರದು, ಉಬ್ಬೆಲ್ಲ ಚಪ್ಪಟೆಯಾಗುತ್ತದೆ.

ಅಕ್ಕ ಓದಿದ್ದು

ಎಳ್ಳು ಬೆಲ್ಲದ ಜೊತೆ ಶಾಲನ್ನೂ ಹಿಡಿದು ಹುಬ್ಬಳ್ಳಿಗೆ ಹೋದೆವು. ಅಕ್ಕನ ತೊಡೆಯ ಮೇಲೆ ಹರಡಿ, "ಇದು ನಮ್ಮ ಕಡೆಯ ದಾರಿ. ಇಲ್ಲಿಂದ ಶುರು" ಎಂದು ಅವಳ ಬೆರಳನ್ನು ಮೊದಲ ಸಾಲಿನ ಮೇಲಿಟ್ಟೆ. ಇನ್ನೇನೂ ಹೇಳಲಿಲ್ಲ.

ಉಬ್ಬು ಗೆರೆಗಳನ್ನು ಒಂದೊಂದಾಗಿ ಎಣಿಸಿದಳು. "ಎಂಟು... ಮೇಲಕ್ಕೆ ಹೋಗ್ತಿದೆ. ತಾಳಗುಂದದ ಕಂಬ ಅಲ್ವೇನೇ? ಅಪ್ಪ ತೋರಿಸಿದ್ರಲ್ಲ." ಬಲೆಗೆ ಬಂದಾಗ ತೂತಿನೊಳಗೆ ಕಿರುಬೆರಳು ತೂರಿಸಿ ನಕ್ಕಳು. "ಬಳ್ಳಿಗಾವಿ."

ಗುಬುಟುಗಳ ಹತ್ತಿರ ಬೆರಳು ನಿಂತಿತು. "ಇದು ಸಂತೆಯ ಮಂಡಕ್ಕಿ ಉಂಡೆ!"

"ಅಲ್ಲಕ್ಕಾ, ಕುಬಟೂರಿನ ಕಂಬ ಅದು."

"ನಿನ್ನ ಕಂಬ ನೀನೇ ಇಟ್ಕೋ. ನನಗಿದು ಮಂಡಕ್ಕಿ ಉಂಡೆನೇ."

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಹೂವಿನ ಪಟ್ಟಿಯ ಮೇಲೆ ಅಕ್ಕನ ಕೈ ಬಹಳ ಹೊತ್ತು ಇತ್ತು. ಅವಳ ಮದುವೆಯ ಬಾಸಿಂಗ ಸೊರಬದಿಂದ ಬಂದದ್ದು. ಅದನ್ನು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬೀಸಣಿಗೆಗಳು ಮಾತ್ರ ಅವಳಿಗೆ ಗೊತ್ತಾಗಲಿಲ್ಲ. ಅವಳು ಗುಡವಿಗೆ ಹೋದವಳೇ ಅಲ್ಲ. ಆಗ ಮೊಮ್ಮಗಳು ಅವಳ ಪಕ್ಕ ಕೂತು, "ದೊಡ್ಡಜ್ಜಿ, ನೀರೊಳಗೇ ಮರ ನಿಂತಿರುತ್ತೆ..." ಎಂದು ಶುರು ಮಾಡಿ, ಹಕ್ಕಿ ಇಳಿಯುವುದನ್ನು ತನ್ನ ಕೈ ಬಿಚ್ಚಿ ಅವಳ ಕೈಗೆ ತಾಗಿಸಿ ತೋರಿಸಿದಳು. ಏನ್ ನೋಡ್ಲಿ ಎಂದು ಕೇಳುತ್ತಿದ್ದ ಅಕ್ಕ ತಾನು ಹಿಂದೆಂದೂ ನೋಡದ ಜಾಗವೊಂದನ್ನು ಅವತ್ತು ಸುತ್ತಿ ಬಂದಳು.

ಕೊನೆಗೆ ಬೆರಳು ಮುಗಿಯದ ಅಂಚಿಗೆ ಬಂತು. ತೂಗಾಡುತ್ತಿದ್ದ ನೂಲನ್ನು ಹಿಡಿದು, "ಇದೇನೇ, ಅರ್ಧಕ್ಕೇ ಬಿಟ್ಟಿದ್ದೀಯ?" ಎಂದಳು. ನಾನು ಕಡ್ಡಿಯನ್ನು ಅವಳ ಕೈಗಿಟ್ಟೆ. "ಕುಮುದ್ವತಿ, ದಂಡಾವತಿ ಕೂಡಬೇಕು ಅಕ್ಕಾ. 5 ಚೈನ್, 2 ಹೆಣಿಗೆ ಬಿಟ್ಟು ಮೂರನೆಯದಕ್ಕೆ ಸಿಕ್ಕಿಸು. ಅಷ್ಟೇ."

"ನನಗೇ ಹೇಳಿಕೊಡ್ತೀಯಾ?" ಎಂದಳು. ಎಡಗೈ ಹೆಬ್ಬೆರಳಿನಿಂದ ಸಾಲಿನ ತಲೆಯನ್ನು ತಡವಿ, ಎರಡು ಎಣಿಸಿ, ಮೂರನೆಯದನ್ನು ಹಿಡಿದು ಕೊಕ್ಕೆ ತೂರಿಸಿದಳು. ಮೊದಲ ಕುಣಿಕೆಗೆ ಎರಡು ನಿಮಿಷ ಹಿಡಿಯಿತು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಮಾತಾಡುತ್ತಲೇ ಹಾಕುತ್ತಿದ್ದಳು. 40 ಕುಣಿಕೆಗಳನ್ನೂ ಅವಳೇ ಮುಗಿಸಿದಳು. ನಾವು ಹೊರಡುವಾಗ ಕಡ್ಡಿಯನ್ನು ವಾಪಸು ಕೊಡಲಿಲ್ಲ.

ನಾನೂ ಈಗ ದಿನಕ್ಕೆ ಎರಡು ಸಾಲನ್ನು ಕಣ್ಣು ಮುಚ್ಚಿ ಹೆಣೆಯುತ್ತೇನೆ. ಔಷಧಿಯ ಹನಿಯನ್ನು ನಂಬಿದ್ದೇನೆ, ಬೆರಳನ್ನೂ ಪಳಗಿಸಿಕೊಳ್ಳುತ್ತಿದ್ದೇನೆ.

ನೀವೂ ಮಾಡಿ ನೋಡಿ

ಮಕ್ಕಳೇ, ಇಡೀ ಶಾಲು ಬೇಡ. ಅರ್ಧ ಗೇಣಿಗಿಂತ ತುಸು ಅಗಲದ ತುಂಡು ಸಾಕು. ದಪ್ಪ ಉಣ್ಣೆ ನೂಲು, 4 ಮಿ.ಮೀ. ಕಡ್ಡಿ ತೆಗೆದುಕೊಳ್ಳಿ. ಕಂಬ ಹಾಕುವುದನ್ನು ಅಜ್ಜಿಯಿಂದ ಕಲಿಯಿರಿ.

27 ಚೈನ್ ಹಾಕಿ. ಕಡ್ಡಿಯಿಂದ ನಾಲ್ಕನೇ ಚೈನಿನಿಂದ ಶುರು ಮಾಡಿ ಒಂದೊಂದಕ್ಕೆ ಒಂದೊಂದು ಕಂಬ ಹೆಣೆಯಿರಿ. ಬಿಟ್ಟ 3 ಚೈನ್ ಒಂದು ಕಂಬದ ಲೆಕ್ಕ, ಒಟ್ಟು 25 ಆಗುತ್ತದೆ. ಇನ್ನೊಂದು ಸಾಲು ಸಾದಾ ಕಂಬ. ಆಮೇಲೆ 3 ಸಾಲು ಬಲೆ, ಸಾಲಿಗೆ 8 ಮನೆ ಬರಬೇಕು. ಮತ್ತೆ 2 ಸಾಲು ಸಾದಾ. ಅದರ ಮೇಲೆ ನಿಮ್ಮ ಊರಿನದೇ ಒಂದು ಗುರುತು ಹೆಣೆಯಿರಿ: ಕೆರೆಯ ಅಲೆಯೋ, ಗದ್ದೆಯ ಬದುವೋ, ಶಾಲೆಯ ಮೆಟ್ಟಿಲೋ, ನಿಮಗೆ ಬಿಟ್ಟದ್ದು. ಮುಗಿದ ಮೇಲೆ ಅಜ್ಜನ ಕಣ್ಣಿಗೆ ಪಂಚೆಯ ತುಂಡು ಕಟ್ಟಿ ಅವರ ಕೈಗೆ ಕೊಡಿ.

ಅವರು ನೀವು ಹೆಣೆದದ್ದನ್ನು ಬಿಟ್ಟು ಬೇರೇನನ್ನೋ ಹೇಳಿದರೆ ತಿದ್ದಬೇಡಿ, ಅದು ಯಾವ ಊರು, ಯಾವ ಕಾಲದ್ದು ಎಂದು ಕೇಳಿ.